ಬಕ ನಕ್ಷತ್ರಪುಂಜ: ಹಕ್ಕಿಯೋ, ಮೀನಿನ ಬಾಲವೋ?

ರಾತ್ರಿಗೂಬೆ: ದಕ್ಷಿಣ ಆಕಾಶದ ಬಕ (ಗ್ರಸ್) ಪುಂಜ ತುಂಬಾ ಪುರಾತನ ಅಂತ ಒಬ್ಬರು ವಾದಿಸಿದರು. ಸುಮ್ನೆ ಮಾತು. 1595ರಲ್ಲಿ ಹೊರಟ ಡಚ್ ಹಡಗುಗಳಲ್ಲಿ ಕೈಸರ್, ಹೌಟ್‌ಮನ್ ಎಂಬಿಬ್ಬರು ದಕ್ಷಿಣದ ನಕ್ಷತ್ರಗಳನ್ನು ಅಳೆದರು. ಅದರ ಆಧಾರದ ಮೇಲೆ ನಕ್ಷೆಗಾರ ಪ್ಲಾನ್ಸಿಯಸ್ 1598ರ ಆಕಾಶಗೋಳದಲ್ಲಿ 12 ಹೊಸ ಪುಂಜ ಬರೆದ. ಬಕ ಅವುಗಳಲ್ಲೊಂದು. ನಾನೂರು ಚಿಲ್ಲರೆ ವರ್ಷ, ಅಷ್ಟೇ.

ಮಿಣುಕು: ಚಿತ್ರ ಹೊಸದು, ಚುಕ್ಕಿಗಳಿಗೆ ಹಳೇ ವಿಳಾಸ ಇತ್ತಲ್ವಾ? ಇದರ ಅತಿ ಪ್ರಕಾಶದ ನಕ್ಷತ್ರ ಅಲ್‌ನಾಯಿರ್. ಅದು ಅರಬ್ಬರ ಹೆಸರು: ಪಕ್ಕದ ‘ದಕ್ಷಿಣ ಮೀನು’ ಪುಂಜದ ಬಾಲದಲ್ಲಿ ಹೊಳೆಯುವುದು. ಇದೇ ಪುಂಜದ ಗಾಮಾ ಎಂಬ ನಕ್ಷತ್ರದ ಹೆಸರಂತೂ ಅಲ್‌ಧನಬ್, ಅಂದರೆ ಬಾಲ. ಈಗ ಅದೇ ಹಕ್ಕಿಯ ತಲೆ!

ರಾತ್ರಿಗೂಬೆ: ಬಾಲ ಕಿತ್ತು ತಲೆ ಮಾಡಿದರು ಅನ್ನಿ. ಆದರೂ ಪುಂಜ ಹೊಸದೇ.

ಕೊಕ್ಕು: ಯಾವ ಹಕ್ಕಿ ಅನ್ನೋದೂ ಆಗ ಗಟ್ಟಿಯಿರಲಿಲ್ಲ. ಪ್ಲಾನ್ಸಿಯಸ್‌ಗೆ ಕ್ರೌಂಚ (ಕ್ರೇನ್ ಹಕ್ಕಿ). ಹೌಟ್‌ಮನ್ 1603ರಲ್ಲಿ ತನ್ನ ನಕ್ಷತ್ರಪಟ್ಟಿಯನ್ನು ಮಲಯ ಭಾಷೆಯ ನಿಘಂಟಿನ ಕೊನೆಗೆ ಸೇರಿಸಿ ಅಚ್ಚು ಹಾಕಿಸಿದ (ನಿಘಂಟಿನಲ್ಲಿ ನಕ್ಷತ್ರ!). ಅದರಲ್ಲಿ ಇದು ಬಕ. ಕೆಲವರು ಫ್ಲೆಮಿಂಗೋ ಅಂತಲೂ ಕರೆದರು. ಕ್ರೌಂಚವೇ ಗೆದ್ದಿತು. ನಾವು ಮಾತ್ರ ಬಕ ಅಂತ ಹೇಳಿ, ಗೊತ್ತಿಲ್ಲದೆ ಹೌಟ್‌ಮನ್ ಪಕ್ಷ ಸೇರಿದ್ದೇವೆ.

ಮಿಣುಕು: ಅದಿರಲಿ, ಗ್ರೀಕರು ಇಲ್ಲಿ ಯಾಕೆ ಹಕ್ಕಿ ಬಿಡಿಸಲಿಲ್ಲ?

ಧ್ರುವಪಥ: ಅವರಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ತೂಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ಆಕಾಶದಲ್ಲಿ ನಕ್ಷತ್ರಗಳ ಜಾಗವೂ ಸರಿಯುತ್ತದೆ. ಅಲ್‌ನಾಯಿರ್ ಈಗ ಆಕಾಶದ ಸಮಭಾಜಕದಿಂದ ದಕ್ಷಿಣಕ್ಕೆ 47 ಡಿಗ್ರಿಯಲ್ಲಿದೆ. ಎರಡನೇ ಶತಮಾನದ ಖಗೋಳಜ್ಞ ಟಾಲೆಮಿ ಕಾಲಕ್ಕೆ ಸುಮಾರು 54ರಲ್ಲಿತ್ತು. ಅಲೆಕ್ಸಾಂಡ್ರಿಯಾದಲ್ಲಿ ನಿಂತರೆ ಅದು ದಿಗಂತದಿಂದ ನಾಲ್ಕೈದು ಡಿಗ್ರಿ ಏರಿ ಮುಳುಗುತ್ತಿತ್ತು. ಧೂಳು, ಮಂಜಿನ ನಡುವೆ ಯಾರು ಕುತ್ತಿಗೆ, ರೆಕ್ಕೆ ಹುಡುಕುತ್ತಾರೆ?

ರಾತ್ರಿಗೂಬೆ: ಅಂದರೆ ಉತ್ತರದವರಿಗೆ ಮೇಲೇರುತ್ತಾ ಬರುತ್ತಿದೆಯಾ?

ಧ್ರುವಪಥ: ಹೌದು, ಇನ್ನೂ ಸಾವಿರಾರು ವರ್ಷ ಏರುತ್ತದೆ. ಆದರೆ ಹಕ್ಕಿಯ ಆಕಾರ ಅಷ್ಟು ದಿನ ಉಳಿಯುತ್ತೆ ಅಂತ ನಂಬಬೇಡಿ. ಅಲ್‌ನಾಯಿರ್ ಸುಮಾರು 101 ಜ್ಯೋತಿರ್ವರ್ಷ ದೂರ, ಗಾಮಾ ಅದರ ಎರಡರಷ್ಟು. ಒಂದಕ್ಕೊಂದು ನಂಟಿಲ್ಲ. ಪ್ರತಿಯೊಂದೂ ತನ್ನ ದಾರಿಯಲ್ಲಿ ಓಡುತ್ತಿದೆ.

ಕೊಕ್ಕು: ಆಗ ಮತ್ತೆ ಮೀನು ಮಾಡೋಣ ಬಿಡಿ.

ರಾತ್ರಿಗೂಬೆ: 1930ರಲ್ಲೇ ಖಗೋಳಜ್ಞರು ಎಲ್ಲ ಪುಂಜಗಳಿಗೂ ಅಧಿಕೃತ ಗಡಿ ಹಾಕಿಬಿಟ್ಟಿದ್ದಾರೆ. ಬಾಲ ವಾಪಸ್ ಕೇಳೋ ಹಾಗಿಲ್ಲ.