ಪದಚರ್ಚೆ: ಅಮೆರಿಕದ ‘ಎಂಪಿಒ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಅಮೆರಿಕದ ನಗರ ಸಾರಿಗೆ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ನಗರಪ್ರದೇಶದ ಸಾರಿಗೆ ಕೆಲಸಗಳನ್ನು ಯೋಜಿಸುವ ಸಂಸ್ಥೆ ‘ಮೆಟ್ರೊಪಾಲಿಟನ್ ಪ್ಲಾನಿಂಗ್ ಆರ್ಗನೈಸೇಶನ್’, ಅಂದರೆ ಎಂಪಿಒ. ಅದಕ್ಕೆ ‘ಮಹಾನಗರ ಯೋಜನಾ ಸಮಿತಿ’ ಎಂದರೆ ಸರಿಹೋಗುತ್ತದೆಯೇ? ಅದು ಸಿದ್ಧಪಡಿಸುವ ಲಾಂಗ್ ರೇಂಜ್ ಪ್ಲಾನ್ ಒಂದು ‘ಯೋಜನೆ’, ಟಿಐಪಿ (ಟ್ರಾನ್ಸ್‌ಪೋರ್ಟೇಶನ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ) ಇನ್ನೊಂದು ‘ಯೋಜನೆ’, ಒಳಗಿನ ಪ್ರಾಜೆಕ್ಟ್‌ಗಳೂ ‘ಯೋಜನೆ’ಗಳೇ. ಓದುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ದಾರಿ ತೋರಿಸಿ.

ಉತ್ತರ: ‘ಮಹಾನಗರ ಯೋಜನಾ ಸಮಿತಿ’ ಬೇಡ. ಆ ಹೆಸರು ನಮ್ಮ ಸಂವಿಧಾನದ 243 ಝಡ್‌ಇ ವಿಧಿಯ ಸಮಿತಿಗೆ ಸಂದುಹೋಗಿದೆ. 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರದೇಶಕ್ಕೆ ಒಟ್ಟಾರೆ ಅಭಿವೃದ್ಧಿಯ ಕರಡು ತಯಾರಿಸುವುದು ಅದರ ಕೆಲಸ. ಎಂಪಿಒಗೆ ಕಾನೂನು ವಹಿಸಿರುವುದು ಸಾರಿಗೆಯನ್ನು ಮಾತ್ರ. ‘ಮಹಾನಗರ’ವೂ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ 50,000 ಜನ ದಾಟಿದ ನಗರಪ್ರದೇಶಕ್ಕೆಲ್ಲ ಎಂಪಿಒ ಇರಲೇಬೇಕು; ನಮ್ಮ ಶಿರಸಿ, ಸಾಗರದ ಅಳತೆಯ ಊರುಗಳೂ ಆ ಲೆಕ್ಕಕ್ಕೆ ಬಂದುಬಿಡುತ್ತವೆ.

ಉಳಿದ ಸುಲಭದ ಹೆಸರುಗಳಿಗೂ ವಾರಸುದಾರರಿದ್ದಾರೆ. ‘ಪ್ರಾದೇಶಿಕ ಸಾರಿಗೆ’ ಎಂದ ಕೂಡಲೇ ಕನ್ನಡದ ಓದುಗನ ಕಣ್ಣಮುಂದೆ ಬರುವುದು ಆರ್‌ಟಿಒ ಕಚೇರಿ, ಡಿಎಲ್‌ನ ಸಾಲು. ‘ಮಹಾನಗರ ಸಾರಿಗೆ ಸಂಸ್ಥೆ’ ಬಿಎಂಟಿಸಿ. ಇನ್ನು ‘ಪ್ರಾಧಿಕಾರ’ ಎಂದರೆ ಶಾಸನಸಭೆ ಕಾಯ್ದೆ ಮಾಡಿ ಅಧಿಕಾರ ಕೊಟ್ಟಿದೆ ಎಂಬ ಧ್ವನಿ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆ ಅದು ಒಪ್ಪುತ್ತದೆ: 2022ರ ಕಾಯ್ದೆಯಿಂದ ಬಂದದ್ದು, ಮುಖ್ಯಮಂತ್ರಿಯೇ ಅಧ್ಯಕ್ಷರು. ಎಂಪಿಒ ಹುಟ್ಟುವ ಬಗೆ ಬೇರೆ. ರಾಜ್ಯದ ಗವರ್ನರ್ ಒಂದು ಕಡೆ, ಆ ಪ್ರದೇಶದ ಜನಸಂಖ್ಯೆಯಲ್ಲಿ ಕನಿಷ್ಠ ಶೇ 75ರಷ್ಟನ್ನು ಪ್ರತಿನಿಧಿಸುವ ಸ್ಥಳೀಯ ಸರ್ಕಾರಗಳು ಇನ್ನೊಂದು ಕಡೆ, ಇಬ್ಬರೂ ಒಪ್ಪಿ ಅದನ್ನು ಗೊತ್ತುಮಾಡುತ್ತಾರೆ. ಮೇಯರ್‌ಗಳು, ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪ್ರತಿನಿಧಿಗಳು, ಬಸ್ಸು–ರೈಲು ಓಡಿಸುವವರು, ರಾಜ್ಯದ ಅಧಿಕಾರಿಗಳು ಕೂತು ನಿರ್ಧರಿಸುವ ಮಂಡಳಿ ಅದು. ಸಾಮಾನ್ಯವಾಗಿ ತಾನೇ ರಸ್ತೆ ಹಾಕುವುದಿಲ್ಲ, ಬಸ್ಸು ಓಡಿಸುವುದಿಲ್ಲ. ಆದರೆ ಅದರ ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಸಾರಿಗೆ ಅನುದಾನ ಸಿಗುವುದಿಲ್ಲ. ಅದರ ಬಲವೆಲ್ಲ ಇರುವುದು ಇಲ್ಲಿ. ‘ನಗರಪ್ರದೇಶ ಸಾರಿಗೆ ಯೋಜನಾ ಮಂಡಳಿ’ ಎಂದು ಒಮ್ಮೆ ಬರೆದು, ಮುಂದೆ ‘ಮಂಡಳಿ’ ಎನ್ನಿ. ಮೂಲದ ಹೆಸರನ್ನು ನೆಚ್ಚಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲ ಒಂಬತ್ತು ಕೌಂಟಿಗಳಲ್ಲಿ ಅದು ‘ಕಮಿಷನ್’, ಡಲ್ಲಾಸ್‌ನಲ್ಲಿ ‘ಕೌನ್ಸಿಲ್ ಆಫ್ ಗವರ್ನಮೆಂಟ್ಸ್’. ಕೆಲಸ ಒಂದೇ.

‘ಯೋಜನೆ’ಗಳ ಜಾತ್ರೆ ಬಿಡಿಸಲು ನಮ್ಮ ಪಂಚಾಯಿತಿ ಭಾಷೆ ಸಾಕು. ಕನಿಷ್ಠ 20 ವರ್ಷ ಮುಂದಕ್ಕೆ ನೋಡುವುದು ‘ದೀರ್ಘಾವಧಿ ಯೋಜನೆ’. ಇದನ್ನು ನಾಲ್ಕು ಅಥವಾ ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಗಾಳಿ ಕೆಟ್ಟ ನಗರಗಳಿಗೆ ನಾಲ್ಕು. ಟಿಐಪಿ ಎಂದರೆ ನಾಲ್ಕು ವರ್ಷದ ‘ಕ್ರಿಯಾ ಯೋಜನೆ’: ಯಾವ ಕೆಲಸ, ಯಾವ ವರ್ಷ, ಎಷ್ಟು ಹಣ, ಯಾವ ಬಾಬ್ತಿನಿಂದ ಎಂದು ಸಾಲುಸಾಲಾಗಿ ಬರೆದ ಪಟ್ಟಿ. ಒಳಗಿನದು ರಸ್ತೆ, ಸೇತುವೆಯಾದರೆ ‘ಕಾಮಗಾರಿ’. ಬಸ್ ಖರೀದಿ, ಅಧ್ಯಯನಗಳೂ ಅದೇ ಪಟ್ಟಿಯಲ್ಲಿರುವುದರಿಂದ ಒಟ್ಟಿಗೆ ಹೇಳುವಾಗ ‘ಕೆಲಸ’ ಎನ್ನುವುದೇ ಕ್ಷೇಮ.

ಒಂದು ವ್ಯತ್ಯಾಸವನ್ನು ಮಾತ್ರ ಲೇಖನದಲ್ಲಿ ಬಿಡಿಸಿ ಹೇಳಿ. ನಮ್ಮ ಕ್ರಿಯಾ ಯೋಜನೆಗೆ ಅನುದಾನಕ್ಕೂ ಮೀರಿದ ಕೆಲಸ ತುರುಕುವುದುಂಟು. ಟಿಐಪಿಯಲ್ಲಿ ಅದಕ್ಕೆ ಆಸ್ಪದವಿಲ್ಲ. ಬರುವ ಹಣಕ್ಕೆ ಪಟ್ಟಿಯ ಮೊತ್ತ ತಾಳೆಯಾಗಲೇಬೇಕು. ‘ಫಿಸ್ಕಲ್ ಕನ್‌ಸ್ಟ್ರೈಂಟ್’ ಎನ್ನುವುದು ಇದನ್ನೇ, ‘ಹಣಕಾಸಿನ ಮಿತಿ’ ಸಾಕು. ಸೇತುವೆಯೊಂದರ ಅಂದಾಜು ವೆಚ್ಚ ತೀರಾ ಏರಿತು ಎನ್ನಿ. ಬೇರೆ ಹಣ ಹುಡುಕಬೇಕು, ಇಲ್ಲವೇ ಅದನ್ನೋ ಇನ್ನೊಂದನ್ನೋ ಮುಂದಿನ ವರ್ಷಗಳಿಗೆ ತಳ್ಳಬೇಕು. ಅಂಥ ದೊಡ್ಡ ಬದಲಾವಣೆಗೆ ‘ತಿದ್ದುಪಡಿ’. ಜನರ ಸಲಹೆ–ಆಕ್ಷೇಪಣೆ ಕೇಳಿ, ಮಂಡಳಿಯಲ್ಲಿ ಮತ್ತೆ ಮತಕ್ಕೆ ಹಾಕಬೇಕು. ಸಣ್ಣಪುಟ್ಟದ್ದು ಕಚೇರಿ ಮಟ್ಟದ ‘ಮಾರ್ಪಾಡು’. ಎರಡಕ್ಕೂ ಒಂದೇ ಪದ ಬಳಸಿದರೆ ಅರ್ಥ ಕೆಡುತ್ತದೆ.

ಮತ್ತೊಂದು ಉತ್ತರ: ‘ಮಂಡಳಿ’ಗೆ ನನ್ನದೂ ಒಪ್ಪಿಗೆ. ಆದರೆ ಸಂಸ್ಥೆಯೂ ಮಂಡಳಿ, ಒಳಗೆ ಮತ ಹಾಕಿ ತೀರ್ಮಾನಿಸುವ ಪಾಲಿಸಿ ಬೋರ್ಡೂ ಮಂಡಳಿ ಆದರೆ ಗೊಂದಲ. ಬೋರ್ಡಿಗೆ ‘ನೀತಿ ಸಭೆ’ ಎನ್ನಿ. ಅದಕ್ಕೆ ಶಿಫಾರಸು ಕಳಿಸುವ ಎಂಜಿನಿಯರ್, ಯೋಜಕರ ಗುಂಪು ‘ತಾಂತ್ರಿಕ ಸಮಿತಿ’.

ಹಣದ ಪದಗಳಲ್ಲೂ ಎಚ್ಚರ ಬೇಕು. ಟಿಐಪಿಯಲ್ಲಿ ‘ಪ್ರೋಗ್ರಾಮ್ಡ್’ ಎಂದಿದ್ದರೆ ‘ನಿಗದಿ’, ಅಷ್ಟೇ. ಕೇಂದ್ರ ಇಲಾಖೆ ಆ ಕೆಲಸಕ್ಕೆ ಹಣ ಕೊಡಲು ಬದ್ಧವಾದಾಗ ‘ಆಬ್ಲಿಗೇಟೆಡ್’. ಅದಕ್ಕೆ ‘ಮಂಜೂರು’ ಹತ್ತಿರ. ‘ಬಿಡುಗಡೆ’ ಎಂದು ಬರೆಯಲೇಬೇಡಿ. ಹೆದ್ದಾರಿ ಅನುದಾನದಲ್ಲಿ ಮುಂಗಡವಾಗಿ ಗಂಟು ಬರುವುದಿಲ್ಲ. ಕೆಲಸ ಮಾಡಿಸಿ, ಬಿಲ್ ತೋರಿಸಿ, ಕೇಂದ್ರದ ಪಾಲನ್ನು (ಹಲವು ಬಾಬ್ತುಗಳಲ್ಲಿ ಶೇ 80) ವಾಪಸ್ ಪಡೆಯುವುದು. ಅದು ‘ಮರುಪಾವತಿ’.