ಕಡಿಮೆ ಖರ್ಚಲ್ಲಿ ಫ್ಲಾರೆನ್ಸ್: ಹೋಗಿ ಬಂದೋರು ಸ್ವಲ್ಪ ಹೇಳಿ

ಮ್ಯೂನಿಕ್ ಮೈಸೂರ್‌ಪಾಕ್:
ಎಲ್ರಿಗೂ ನಮಸ್ಕಾರ. ನಾನು, ಯಜಮಾನ್ರು ಮ್ಯೂನಿಕ್‌ನಲ್ಲಿರೋದು. ಅಕ್ಟೋಬರ್‌ನಲ್ಲಿ ಅಮ್ಮ ಮೈಸೂರಿಂದ ಬರ್ತಿದಾರೆ, ಒಂದು ಸಲ ಫ್ಲಾರೆನ್ಸ್ ತೋರಿಸೋಣ ಅಂತ, 3 ರಾತ್ರಿ ಅಷ್ಟೇ. ಅಮ್ಮಂಗೆ 64, ಮಂಡಿ ನೋವು, ಮೊಟ್ಟೆನೂ ತಿನ್ನಲ್ಲ. ಅವರ ಹತ್ರ ಜರ್ಮನಿ ವೀಸಾ ಇದೆ, ಇಟಲಿಗೆ ಬೇರೆ ಬೇಕಾ? ಫ್ಲೈಟಾ ಟ್ರೈನಾ? ಊರೊಳಗೆ ರೂಮ್ ರೇಟ್ ನೋಡಿ ತಲೆ ತಿರುಗ್ತಿದೆ, ಪಕ್ಕದ ಊರಲ್ಲಿ ಉಳ್ಕೊಂಡ್ರೆ ಹೇಗೆ? ಮ್ಯೂಸಿಯಂ ಟಿಕೆಟ್ ಎಲ್ಲಾ ತಗೊಳ್ಳಲೇಬೇಕಾ?

ಧಾರವಾಡ ಫೇಡೆ:
ಅಕ್ಕಾರ, ವೀಸಾ ಚಿಂತಿ ಬಿಡ್ರಿ. ಅವರು ಹೆಚ್ಚು ದಿನ ನಿಮ್ಮ ಮನ್ಯಾಗ ಇರ್ತಾರ ಅಂದ್ರ ಜರ್ಮನಿಯ ಷೆಂಗೆನ್ ವೀಸಾದ (ಯುರೋಪಿನ ಹಲವು ದೇಶಕ್ಕ ಒಂದ ವೀಸಾ) ಮ್ಯಾಲೆ ಇಟಲಿ ತಿರುಗಾಡಬಹುದು, ಬ್ಯಾರೆ ಬೇಕಾಗಂಗಿಲ್ಲ. ಪಾಸ್‌ಪೋರ್ಟ್ ಮಾತ್ರ ಕೈಯಾಗ ಇರಲಿ, ಗಡಿ ಹತ್ರ ಪೊಲೀಸ್ರು ಟ್ರೈನ್ ಹತ್ತಿ ಕೇಳ್ತಾರ.

ವಿಮಾನ ಬ್ಯಾಡ್ರಿ. ಫ್ಲಾರೆನ್ಸ್‌ಗೂ ಪೆರೆಟೋಲಾ ಅಂತ ವಿಮಾನ ನಿಲ್ದಾಣ ಐತಿ, ಅಲ್ಲಿಂದ ಊರಿಗೆ ಟ್ರಾಮ್‌ನೂ ಐತಿ, ಆದ್ರ ರನ್‌ವೇ ಸಣ್ಣದು, ಅಗ್ಗದ ವಿಮಾನ ಬಹಳಷ್ಟು ಪೀಸಾಕ್ಕೋ ಬೊಲೊನ್ಯಾಕ್ಕೋ ಇಳಿಸ್ತಾವ. ಮುಂದ ನಿಲ್ದಾಣದಿಂದ ಸ್ಟೇಷನ್ನಿಗೆ ಒಂದು ರೊಕ್ಕ, ಅಲ್ಲಿಂದ ಫ್ಲಾರೆನ್ಸ್‌ಗೆ ಇನ್ನೊಂದು ರೊಕ್ಕ, ಬ್ಯಾಗಿಗೆ ಮತ್ತೊಂದು, ಕೂಡಿಸಿ ನೋಡಿದ್ರ ಏನೂ ಉಳಿಯಂಗಿಲ್ಲ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್, ಬ್ರೆನ್ನರ್ ಮ್ಯಾಲಿಂದ ವೆರೋನಾಕ್ಕ ಟ್ರೈನ್ ಹೋಗ್ತಾವ, ಐದೂವರಿ ತಾಸು ಹತ್ರ, ಕೆಲವೊಂದು ಬೊಲೊನ್ಯಾತನಕನೂ ಹೋಗ್ತಾವ. ಎರಡು ತಿಂಗಳ ಮೊದಲ ತಗೊಂಡ್ರ ಅಗ್ಗದ ಟಿಕೆಟ್ ಸಿಗ್ತದ. ಬೊಲೊನ್ಯಾದಿಂದ ಹೈಸ್ಪೀಡ್ ಟ್ರೈನ್‌ನಾಗ 40 ನಿಮಿಷದೊಳಗ ಫ್ಲಾರೆನ್ಸ್, ಪೂರಾ ಸುರಂಗನ ನೋಡ್ರಿ, ಕಿಟಕಿ ಸೀಟಿಗೆ ಜಗಳ ಬ್ಯಾಡ. ರಾತ್ರಿ ಬಸ್ ಇನ್ನೂ ಅಗ್ಗ, ನಾನು ಒಬ್ಬನ ಇದ್ದಾಗ ಹೋಗಿದ್ದೆ, ಅಮ್ಮಾರನ್ನ ಮಾತ್ರ ಅದರಾಗ ಕೂಡಸಬ್ಯಾಡ್ರಿ.

ಮಲ್ನಾಡ್ ಮಳೆ:
ಟ್ರೈನ್ ವಿಷ್ಯದಲ್ಲಿ ಒಂದು ಸೇರಿಸ್ತೀನಿ. ಇಟಲಿಲಿ ಹೈಸ್ಪೀಡ್ ಟಿಕೆಟ್‌ಗೆ ಟ್ರೈನು ಸೀಟು ಫಿಕ್ಸ್, ರೇಟ್ ದಿನ ಹತ್ರ ಬಂದಂಗೆ ಏರುತ್ತೆ. ರೀಜನಲ್ ಟ್ರೈನ್ ಹಂಗಲ್ಲ, ಯಾವತ್ತು ತಗೊಂಡ್ರೂ ಅದೇ ರೇಟು, ಮುಂಚೆ ಬುಕ್ ಮಾಡೋ ಗಡಿಬಿಡಿನೇ ಬೇಡ. ಆದ್ರೆ ಪೇಪರ್ ಟಿಕೆಟ್ ಆದ್ರೆ ಹತ್ತೋಕೆ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಮಷೀನಲ್ಲಿ ತೂರಿಸಿ ಸೀಲ್ ಹಾಕಿಸ್ಕೋಬೇಕು, ಮೊಬೈಲ್ ಟಿಕೆಟ್ ಆದ್ರೆ ಚೆಕ್‌ಇನ್ ಒತ್ಬೇಕು. ನಾವು ಟಿಕೆಟ್ ಇದ್ಯಲ್ಲ ಅಂತ ಆರಾಮಾಗಿ ಕೂತಿದ್ವಿ, ಟಿಸಿ ಬಂದು ಸೀಲ್ ಇಲ್ಲ ಅಂತ ಫೈನ್ ಹಾಕಿದ, ಆ ದುಡ್ಡಲ್ಲಿ ಮೂರು ಜನ ಊಟ ಮಾಡ್ಬೋದಿತ್ತು.

ಉಳ್ಕೊಳ್ಳೋಕೆ ನಾವು ಪ್ರಾಟೋ ಆರಿಸ್ಕೊಂಡ್ವಿ, ಟ್ರೈನಲ್ಲಿ ಹೆಚ್ಚುಕಮ್ಮಿ 25 ನಿಮಿಷ, ರೂಮ್ ಅಗ್ಗ, ಆ ಊರಿನ ಕ್ಯಾಥೆಡ್ರಲ್‌ನಲ್ಲಿ ಫಿಲಿಪ್ಪೋ ಲಿಪ್ಪಿಯ ಗೋಡೆ ಚಿತ್ರಗಳಿವೆ, ಫ್ಲಾರೆನ್ಸ್‌ನ ನೂಕುನುಗ್ಗಲು ಇಲ್ಲ. ನಂಗೆ ಸರಿಹೋಯ್ತು.

ಕುಡ್ಲದ ನೀರ್‌ದೋಸೆ:
ಪ್ರಾಟೋ ಎಲ್ಲ ಗಟ್ಟಿ ಕಾಲಿನವರಿಗೆ ಮಾರಾಯ್ರೆ. ನಾನು ಅತ್ತೆ ಮಾವನನ್ನು ಕರ್ಕೊಂಡು ಹೋದದ್ದು, ಅದೇ ಲೆಕ್ಕಾಚಾರ ಮಾಡಿ ಹೊರಗೆ ರೂಮ್ ತಗೊಂಡೆ. ಎಂತ ಆಯ್ತು ಗೊತ್ತುಂಟಾ? ಮಧ್ಯಾಹ್ನ ಅತ್ತೆಗೆ ಸುಸ್ತು, ಮಲಗ್ಬೇಕು, ರೂಮಿಗೆ ಹೋದ್ರೆ ತಿರುಗಿ ಬರ್ಲಿಕ್ಕೆ ಯಾರಿಗೂ ಮನಸ್ಸಿಲ್ಲ. ಹಾಗಂತ ರೂಮಿಗೆ ಹೋಗದೆ ಇದ್ರೆ ಎರಡೆರಡು ಗಂಟೆಗೊಮ್ಮೆ ಕೆಫೆಯಲ್ಲಿ ಕೂರ್ಬೇಕು. ಅಲ್ಲಿ ನಿಂತುಕೊಂಡು ಕಾಫಿ ಕುಡಿದ್ರೆ ಒಂದು ರೇಟು, ಟೇಬಲಲ್ಲಿ ಕೂತ್ರೆ ಡಬಲ್‌ಗಿಂತಲೂ ಜಾಸ್ತಿ. ಊರೊಳಗೆ ಒಂದು ರಾತ್ರಿ ಕಡಿಮೆ ಇರಿ ಬೇಕಾದ್ರೆ, ಆದ್ರೆ ಸಾಂಟಾ ಮರಿಯಾ ನೊವೆಲ್ಲಾ ಸ್ಟೇಷನ್ ಹತ್ತಿರವೇ ಇರಿ, ಅಲ್ಲಿಂದ ಊರಿನ ದೊಡ್ಡ ಚರ್ಚು ಡುಓಮೋಗೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಕ್ರಿಸ್ತ ಸನ್ಯಾಸಿನಿಯರು ನಡೆಸುವ ಗೆಸ್ಟ್‌ಹೌಸ್‌ಗಳೂ ಉಂಟು, ಕಾಸಾ ಪೆರ್ ಫೇರಿಯೆ ಅಂತ ಹುಡುಕಿ. ಟಿವಿ ಗಿವಿ ಇರ್ಲಿಕ್ಕಿಲ್ಲ, ಕ್ಲೀನ್ ಉಂಟು, ಕೆಲವು ಕಡೆ ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಹಾಕ್ತಾರೆ. ಲಿಫ್ಟ್ ಉಂಟಾ ಅಂತ ಕೇಳಿಯೇ ಬುಕ್ ಮಾಡಿ. ಎಲ್ಲಿ ಉಳಿದ್ರೂ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಟೂರಿಸ್ಟ್ ಟ್ಯಾಕ್ಸ್ ಬೇರೆ ಕೊಡ್ಬೇಕು.

ಮಲ್ನಾಡ್ ಮಳೆ:
ಒಪ್ಕೊಂಡೆ, ನಾವು ಹೋದಾಗ ನಂಗೆ 29 😀

ಹಳೇ ಮೇಷ್ಟ್ರು:
ಟಿಕೆಟ್ ವಿಚಾರ ನಾನು ಹೇಳ್ತೀನಿ. ಡುಓಮೋ ಅಂದ್ರೆ ಆ ದೊಡ್ಡ ಕ್ಯಾಥೆಡ್ರಲ್, ಅದರ ಒಳಗೆ ಹೋಗೋಕೆ ದುಡ್ಡಿಲ್ಲ. ದುಡ್ಡಿರೋದು ಮೇಲಿನ ಗುಮ್ಮಟ ಹತ್ತೋಕೆ, 463 ಮೆಟ್ಟಿಲು, ಲಿಫ್ಟ್ ಇಲ್ಲ. ಪಕ್ಕದ ಜೊಟ್ಟೋ ಗೋಪುರ 414, ಅಲ್ಲೂ ಲಿಫ್ಟ್ ಇಲ್ಲ. ನಿಮ್ಮ ತಾಯಿಯವರಿಗೆ ಎರಡೂ ಬೇಡ, ಆ ಖರ್ಚು ಉಳೀತು. ಆದರೆ ಹೊರಗೆ ಬೆಂಚಿನ ಮೇಲೆ ಕೂರಿಸಿ ಗುಮ್ಮಟದ ಕಥೆ ಹೇಳಿ. ಬ್ರೂನೆಲ್ಲೆಸ್ಕಿ ಅನ್ನೋ ವಾಸ್ತುಶಿಲ್ಪಿ 1420ರಿಂದ 1436ರವರೆಗೆ ಕಟ್ಟಿದ್ದು, ಕೆಳಗಿಂದ ಮರದ ಆಧಾರ ಕೊಡದೆ, ಇಟ್ಟಿಗೆಗಳನ್ನ ಮೀನಿನ ಮುಳ್ಳಿನ ಥರ ಹೆಣೆದು ಸುತ್ತು ಸುತ್ತಾಗಿ ಮೇಲೇರಿಸಿದ. ಬಿಜಾಪುರದ ಗೋಳಗುಮ್ಮಟ ನೋಡಿದೋರಿಗೆ ಇದು ಥಟ್ಟನೆ ಹಿಡಿಸುತ್ತೆ.

ಮಿಕೆಲಾಂಜೆಲೋ ಕೆತ್ತಿದ ಡೇವಿಡ್ ಮೂಲ ಪ್ರತಿಮೆ ಇರೋದು ಅಕಾಡೆಮಿಯಾ ಮ್ಯೂಸಿಯಂನಲ್ಲಿ. ಮೊದಲು ಅದು ಪಿಯಾಝಾ ಡೆಲ್ಲಾ ಸಿನ್ಯೋರಿಯಾದ ಬಯಲಲ್ಲೇ ನಿಂತಿತ್ತು, 1873ರಲ್ಲಿ ಒಳಗೆ ಸಾಗಿಸಿದ್ರು, ಈಗ ಚೌಕದಲ್ಲಿರೋದು ನಕಲು. ನಕಲು ಸಾಕು ಅನ್ನೋರಿದಾರೆ. ನಾನು ಒಪ್ಪಲ್ಲ, ಆದ್ರೆ ಒಂದೇ ಟಿಕೆಟ್ ತಗೊಳ್ಳೋ ಹಾಗಿದ್ರೆ ಉಫ್ಫಿಝಿ ಚಿತ್ರಕಲಾ ಮ್ಯೂಸಿಯಂದು ತಗೊಳ್ಳಿ, ನಾನು ಹೋದಾಗ 25 ಯೂರೋ, ಬುಕಿಂಗ್‌ಗೆ 4. ಮೇಲಂತಸ್ತಿಗೆ ಲಿಫ್ಟ್ ಕೇಳಿದ್ರೆ ಕೊಡ್ತಾರೆ, ಕೂರೋಕೆ ಜಾಗ ಇದೆ. ತಿಂಗಳ ಮೊದಲ ಭಾನುವಾರ ಎರಡೂ ಕಡೆ ಫ್ರೀ ಅಂತ ಆಸೆಗೆ ಬಿದ್ದು ಹೋಗಬೇಡಿ, ಆವತ್ತು ಕ್ಯೂ ನೋಡಿದ್ರೆ ವೈಕುಂಠ ಏಕಾದಶಿ ನೆನಪಾಗುತ್ತೆ, ಮಂಡಿ ನೋವಿನವರಿಗೆ ಆಗದ ಮಾತು. ಸೋಮವಾರ ಎರಡೂ ಮುಚ್ಚಿರುತ್ತೆ, ಆದ್ದರಿಂದ ಭಾನುವಾರ ಬಂದು ಮಂಗಳವಾರ ಬೆಳಿಗ್ಗೆ ಹೊರಡೋ ಪ್ಲಾನ್ ಮಾಡಿಬಿಟ್ರೆ ಕೆಟ್ಟಿರಿ.

ಫ್ರೀ ಇರೋದ್ರಲ್ಲಿ ನನಗೆ ಇಷ್ಟವಾದದ್ದು ಗುಡ್ಡದ ಮೇಲಿನ ಸಾನ್ ಮಿನಿಯಾತೋ ಚರ್ಚು. ಸಂಜೆ ಹೊತ್ತು ಸನ್ಯಾಸಿಗಳು ಹಾಡ್ತಾರೆ. ಪಿಯಾಝಾಲೆ ಮಿಕೆಲಾಂಜೆಲೋವರೆಗೆ 12 ಅಥವಾ 13ನೇ ನಂಬರ್ ಬಸ್ಸು, ಆಮೇಲೆ ಸ್ವಲ್ಪ ಏರು, ನಿಧಾನ ಹೋಗಿ. ಕೆಳಗೆ ಊರಲ್ಲಿ ಗೋಡೆಗಳನ್ನ ನೋಡ್ತಾ ನಡೀರಿ, 1966ರ ನವೆಂಬರ್ 4ರ ಪ್ರವಾಹದ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗುರುತಿನ ಕಲ್ಲು ಹಾಕಿದಾರೆ. ಕೆಲವು ಕಡೆ ನಮ್ಮ ತಲೆಗಿಂತ ಎಷ್ಟೋ ಮೇಲೆ.

ಕುಡ್ಲದ ನೀರ್‌ದೋಸೆ:
ಊಟದ ವಿಷಯ ಯಾರೂ ಹೇಳ್ಲಿಲ್ಲ! ಅಮ್ಮ ಮೊಟ್ಟೆ ತಿನ್ನುವುದಿಲ್ಲ ಅಂದ್ರಲ್ಲ, ತಾಜಾ ಪಾಸ್ತಾ ಅಂತ ಮೆನುವಲ್ಲಿ ಕಂಡ್ರೆ ಜಾಗ್ರತೆ, ತಾಲ್ಯಾತೆಲ್ಲೆ, ಪಾಪ್ಪಾರ್ದೆಲ್ಲೆ ಎಲ್ಲ ಮೊಟ್ಟೆ ಹಾಕಿಯೇ ಕಲಸುವುದು. ಒಣ ಪೆನ್ನೆ, ಸ್ಪಗೆಟ್ಟಿ ತೊಂದ್ರೆ ಇಲ್ಲ. ಸಿಯೆನಾ ಕಡೆಯ ಪೀಚಿ ಅಂತ ಉಂಟು, ದಪ್ಪ ಶಾವಿಗೆ ಹಾಗೆ, ಸಾಧಾರಣವಾಗಿ ಬರೀ ಹಿಟ್ಟು ನೀರು, ಆದ್ರೂ ಕೇಳಿ. ಪಾಪ್ಪಾ ಅಲ್ ಪೊಮೊದೋರೋ ಅಂದ್ರೆ ಟೊಮೆಟೋದಲ್ಲಿ ಬ್ರೆಡ್ ಬೇಯಿಸಿದ್ದು, ಅತ್ತೆ ಎರಡು ಸಲ ಹಾಕಿಸ್ಕೊಂಡ್ರು. ರಿಬೋಲ್ಲಿತಾ ಸೂಪಲ್ಲಿ ಕಾಳು, ಸೊಪ್ಪು, ಆದ್ರೆ ಕೆಲವರು ಹಂದಿ ಮಾಂಸ ಹಾಕ್ತಾರೆ, ಕೇಳಿಯೇ ತಗೊಳ್ಳಿ. ಅಲ್ಲಿಯ ಬ್ರೆಡ್ಡಿಗೆ ಉಪ್ಪೇ ಇಲ್ಲ, ಮರೆತದ್ದಲ್ಲ, ಪದ್ಧತಿಯೇ ಹಾಗೆ. ಬಿಲ್ಲಲ್ಲಿ ಕೊಪೆರ್ತೋ ಅಂತ ತಲೆಗೆ ಎರಡು ಮೂರು ಯೂರೋ ಕಂಡ್ರೆ ಜಗಳ ಮಾಡ್ಬೇಡಿ, ಟೇಬಲಲ್ಲಿ ಕೂತದ್ದಕ್ಕೆ. ನೀರಿನ ಬಾಟಲಿ ಕೊಳ್ಳುವುದು ಬೇಡ, ಸಿನ್ಯೋರಿಯಾ ಚೌಕದಲ್ಲಿ ಪಲಾಝೋ ವೆಕ್ಕಿಯೋ ಪಕ್ಕ ನಲ್ಲಿ ಉಂಟು, ಸೋಡಾ ನೀರೂ ಪುಕ್ಕಟೆ!

ಧಾರವಾಡ ಫೇಡೆ:
ಒಂದು ದಿನ ಲೂಕ್ಕಾಕ್ಕ ಹೋಗ್ರಿ, ರೀಜನಲ್ ಟ್ರೈನ್‌ನಾಗ ತಾಸು ಒಂದೂಕಾಲು. ಕೋಟಿ ಗ್ವಾಡಿ ಮ್ಯಾಲೆ ಅಗಲ ರಸ್ತೆ, ನಾಕು ಕಿಲೋಮೀಟರ್ ಸುತ್ತು, ಮರದ ನೆರಳು, ಮ್ಯಾಲೆ ಹತ್ತಿದ ಮ್ಯಾಲೆ ಎಲ್ಲಾ ಸಪಾಟು. ಹೋಗೂ ಮುಂಚೆ ಷೋಪೆರೋ ಐತೇನು ನೋಡ್ರಿ, ಅಂದ್ರ ಮುಷ್ಕರ. ವಾರದ ದಿನ ಮುಷ್ಕರ ಇದ್ರೂ ಮುಂಜಾನಿ 6ರಿಂದ 9, ಸಂಜಿ 6ರಿಂದ 9 ರೀಜನಲ್ ಟ್ರೈನ್ ಓಡಲೇಬೇಕು. ನಾವು ಇದು ಗೊತ್ತಿಲ್ಲದ ಮಧ್ಯಾಹ್ನ ಎರಡಕ್ಕ ಸ್ಟೇಷನ್ನಿಗೆ ಬಂದು ಆರರತನಕ ಕುಂತ್ವಿ.

ಮ್ಯೂನಿಕ್ ಮೈಸೂರ್‌ಪಾಕ್:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಟ್ರೈನೇ ಫೈನಲ್, ಬುಧವಾರ ಹೋಗಿ ಶನಿವಾರ ವಾಪಸ್, ಸ್ಟೇಷನ್ ಹತ್ರ ಸನ್ಯಾಸಿನಿಯರ ಗೆಸ್ಟ್‌ಹೌಸ್‌ಗೆ ಮೇಲ್ ಹಾಕಿದೀನಿ, ಲಿಫ್ಟ್ ಇದ್ಯಂತೆ. ಉಫ್ಫಿಝಿ ಒಂದೇ ಬುಕ್ ಮಾಡ್ತೀವಿ. ಬ್ರೆಡ್ಡಿಗೆ ಉಪ್ಪಿಲ್ವಂತೆ ಅಂತ ಅಮ್ಮಂಗೆ ಫೋನಲ್ಲಿ ಹೇಳಿದ್ದೇ ತಪ್ಪಾಯ್ತು, ಎರಡು ಬಾಟ್ಲಿ ಮಾವಿನಕಾಯಿ ಉಪ್ಪಿನಕಾಯಿ ಪ್ಯಾಕ್ ಮಾಡ್ತಿದಾರೆ.

ಮಲ್ನಾಡ್ ಮಳೆ:
ಬೆಂಗಳೂರಲ್ಲಿ ಹತ್ತುವಾಗ ಚೆಕ್‌ಇನ್ ಲಗೇಜಲ್ಲಿ ಹಾಕಕ್ಕೆ ಹೇಳಿ, ಕ್ಯಾಬಿನ್ ಬ್ಯಾಗಲ್ಲಿ ಉಪ್ಪಿನಕಾಯಿನೂ ಲಿಕ್ವಿಡ್ ಅಂತ ತೆಗೆಸ್ತಾರೆ.