ಅಪ್‌ಡೇಟ್: ಟೈಮಿಂಗ್ ಚೈನ್ ಸದ್ದು ನಿಂತಿತು, ಪಿ0016 ಕೋಡ್ ಕೂಡ ಹೋಯ್ತು

ನನ್ನ ಗಾಡಿಯ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದಾಗ ಮೂರ್ನಾಲ್ಕು ಸೆಕೆಂಡ್ ಗಲಗಲ ಸದ್ದು ಬರುತ್ತೆ, ಜೊತೆಗೆ ಪಿ0016 (ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸೋ ದಂಡ, ಮತ್ತು ಕ್ಯಾಮ್, ಅಂದರೆ ವಾಲ್ವ್ ತೆರೆಯೋ ದಂಡ, ಇವೆರಡರ ಹೊಂದಾಣಿಕೆ ತಪ್ಪಿದೆ ಅನ್ನೋ ದೋಷದ ಕೋಡ್) ತೋರಿಸುತ್ತೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಅದು ಸರಿಹೋಯ್ತು. ಚೈನ್ (ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸೋ ಸರಪಳಿ), ಟೆನ್ಷನರ್ (ಚೈನನ್ನು ಬಿಗಿಯಾಗಿಡೋ ಭಾಗ), ಗೈಡ್ (ಚೈನ್ ಜಾರೋ ಪಟ್ಟಿ), ಮೂರೂ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಒಟ್ಟಿಗೇ ಬದಲಿಸಿ ಅಂದವರ ಸಲಹೆಯೇ ಫಲ ಕೊಟ್ಟಿತು. ಅವರಿಗೆ ತುಂಬಾ ಥ್ಯಾಂಕ್ಸ್.

ಆಯಿಲ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಟೆನ್ಷನರ್ ಒಂದೇ ಹಾಕಿದಾಗ ಸದ್ದು ತಗ್ಗಿತು, ಕೋಡ್ ಮಾತ್ರ ವಾಪಸ್ ಬಂತು. ಚೈನ್ ಸವೆದು ಉದ್ದ ಆಗಿದ್ದರೆ ಕ್ಯಾಮ್ ಕ್ರ್ಯಾಂಕಿಗಿಂತ ಹಿಂದೆ ಬಿದ್ದಿರುತ್ತೆ. ಟೆನ್ಷನರ್ ಸಡಿಲ ಎಳೆಯುತ್ತೆ ಅಷ್ಟೇ, ಟೈಮಿಂಗ್ ಸರಿಮಾಡಲ್ಲ. ಹಳೇ ಕ್ರ್ಯಾಂಕ್ ಸ್ಪ್ರಾಕೆಟ್ ಹಲ್ಲುಗಳು ಒಂದೇ ಕಡೆ ಸವೆದು ಕೊಕ್ಕೆ ಥರ ಆಗಿದ್ದವು, ಉಗುರು ಎಳೆದರೆ ಸಿಕ್ಕಿಕೊಳ್ತಿತ್ತು. ಅದರ ಮೇಲೆ ಹೊಸ ಚೈನ್ ಹಾಕಿದ್ದರೆ ಬೇಗ ಹಾಳಾಗ್ತಿತ್ತು.

ಗೊತ್ತಿಲ್ಲದೇ ಇದ್ದ ವಿಷಯ ಒಂದಿದೆ. ಹೊಸ ಟೆನ್ಷನರನ್ನು ಒತ್ತಿ ಹಿಡಿದಿರೋ ಪಿನ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿದ ಮೇಲೆ ಚೈನಿನ ಬಣ್ಣದ ಕೊಂಡಿಗಳು ಗುರುತಿಗೆ ಸೇರಲ್ಲ. ಗಾಬರಿ ಬೇಡ, ಅವು ಜೋಡಿಸೋವಾಗ ಮಾತ್ರ ಬೇಕು. ಸ್ಪ್ರಾಕೆಟ್ ಮೇಲಿನ ಗುರುತುಗಳು ಸರಿಯಾಗಿ ಬಂದರೆ ಸಾಕು. ತಿರುಗಿಸುವಾಗ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗ್ತಿರಬಹುದು.

ಕ್ರ್ಯಾಂಕ್ ಬೋಲ್ಟ್ ಕೋನ ಅಳೆದು ಬಿಗಿಯೋ ಥರದ್ದು, ಹಾಗಾಗಿ ಹೊಸದೇ ಹಾಕಿದೆ. ಇಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತು ಎರಡು ಸಲ ಐದೈದು ಸೆಕೆಂಡ್ ಸೆಲ್ಫ್ ಹೊಡೆದೆ, ಟೆನ್ಷನರ್‌ಗೆ ಆಯಿಲ್ ತುಂಬಲಿ ಅಂತ. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿದಾಗ ಸ್ಟ್ರೈನರ್‌ನಲ್ಲಿ (ಆಯಿಲ್ ಸೋಸೋ ಜಾಲರಿ) ಗೈಡಿನ ಪ್ಲಾಸ್ಟಿಕ್ ಚೂರುಗಳಿದ್ದವು, ಆದ್ದರಿಂದ ಅದನ್ನೂ ತಪ್ಪದೇ ನೋಡಿ.